ಹಳದಿ ಬಣ್ಣದೊಳಗೆ ಖಾರದ ಗಿರಣಿ

ಊರನ್ನು ಬಣ್ಣಗಳಾಗಿ ಹಂಚುವವರ ಮೇಲೆ ನನಗೆ ಅಪಾರ ಗೌರವವಿದೆ. ನಕ್ಷೆಯಲ್ಲಿ ಹಳದಿ ಬಳಿದಲ್ಲಿ ಜನ ವಾಸ ಮಾಡಬೇಕು, ನೀಲಿ ಬಳಿದಲ್ಲಿ ವ್ಯಾಪಾರ, ನೇರಳೆ ಬಳಿದಲ್ಲಿ ಕೈಗಾರಿಕೆ. ಬ್ಯಾಡಗಿಯ ನಮ್ಮ ಓಣಿ ಅಪ್ಪಟ ಹಳದಿ. ಆದರೆ ಓಣಿಗೆ ಅದನ್ನು ಯಾರೂ ಹೇಳಿರಲಿಲ್ಲ. ಇಲ್ಲಿ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ, ಮಾಳಿಗೆಯ ಮೇಲೆ ಒಣಗಿಸುತ್ತಾರೆ, ಉಳಿದ ಜಾಗದಲ್ಲಿ ಸಂಸಾರ ಮಾಡುತ್ತಾರೆ. ನಮ್ಮವ್ವನಂತೂ ಮುಂದಿನ ಕೋಣೆಯಲ್ಲಿ ಖಾರ ಕುಟ್ಟುವ ಗಿರಣಿಯನ್ನೇ ಇಟ್ಟಿದ್ದಾಳೆ. ಮನೆ ನಡೆಯುವುದು ಅದರಿಂದ. ನಾನು ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡಿ ತರುವುದು ಹೆಚ್ಚಾಗಿ ಚಪ್ಪಾಳೆ.

ರಾಣೆಬೆನ್ನೂರಿನಿಂದ ಬಂದು ಪಕ್ಕದ ಮನೆ ಕೊಂಡ ವೀರಣ್ಣ ಕಾಕಾ, ವಾಸದ ಜಾಗದಲ್ಲಿ ಗಿರಣಿ ನಡೆಯುತ್ತಿದೆ ಎಂದು ತಕರಾರು ಕೊಟ್ಟುಬಿಟ್ಟರು. ನೋಡಿಹೋಗಲು ಹಾವೇರಿಯ ನಗರ ಯೋಜನೆ ಕಚೇರಿಯಿಂದ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಗಿರಣಿ ಮುಚ್ಚಿಸಿದರೆ ನಮ್ಮ ಒಲೆಯೂ ಮುಚ್ಚಿದಂತೆಯೇ. ಹಿಂದಿನ ದಿನ ಯಂತ್ರ ನಿಲ್ಲಿಸಿ, ಗೋಡೆ ಒರೆಸಿ, ನೆಲ ತೊಳೆದು, ಊದುಬತ್ತಿ ಹಚ್ಚಿದೆವು. ನಾನು ಮೂಲೆಮೂಲೆಗೂ ಮೂಗು ಹಚ್ಚಿ, ದೊಡ್ಡ ಸಾಹೇಬನ ಗತ್ತಿನಲ್ಲಿ, "ಘಾಟಿನ ಸುಳಿವೇ ಇಲ್ರಿ ಅಕ್ಕಾರ" ಎಂದು ತೀರ್ಪು ಕೊಟ್ಟೆ. ಅವ್ವನೂ ಮೂಸಿ ನೋಡಿ ತಲೆಯಾಡಿಸಿದಳು. ಮೆಣಸಿನಕಾಯಿಯ ರಾಶಿಯಲ್ಲೇ ಬೆಳೆದ ಮೂಗುಗಳಿಗೆ ಈ ವಿಷಯದಲ್ಲಿ ತೀರ್ಪು ಕೊಡುವ ಯೋಗ್ಯತೆ ಇಲ್ಲವೆಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಸಾಹೇಬರು ಗೇಟಿನಲ್ಲೇ ಸೀನತೊಡಗಿದರು.

"ಗಿರಣಿ ನಿನ್ನೆಯಿಂದ ಬಂದ್ ಐತ್ರಿ," ಎಂದಳು ಅವ್ವ.

"ಬಂದ್ ಇದ್ದಾಗ ಹಿಂಗಾದ್ರ, ಚಾಲೂ ಇದ್ದಾಗ ಹೆಂಗ್ರಿ?" ಎಂದರು ಅವರು, ಕರವಸ್ತ್ರದೊಳಗಿಂದ.

ಅವ್ವನ ಮುಖ ಸಣ್ಣದಾಯಿತು. ಸಾಹೇಬರು ಒಳಗೆ ಬಂದು ಮೋಟಾರು ನೋಡಿದರು. ಅದೂ ಸಣ್ಣದೇ. "ಮನಿಯವ್ರ ನಡಸೋ ಸಣ್ಣ ಉದ್ಯೋಗಕ್ಕ ಅಡ್ಡಿ ಇಲ್ಲ. ಆದ್ರ ಬಾಜೂ ಮನಿಯವ್ರು ಒಪ್ಪಬೇಕು," ಎಂದು ಕಾಕಾನನ್ನು ಕರೆಸಿದರು.

"ಗಿರಣಿದು ನನಗೇನೂ ತ್ರಾಸ ಇಲ್ರಿ," ಎಂದರು ಕಾಕಾ. "ನಾವೂ ಇಲ್ಲೇ ಖಾರ ಕುಟ್ಟಸ್ತೇವಿ. ಗಿರಣಿ ಚಾಲೂ ಆತಂದ್ರ ನಾ ಸೀನತೇನಿ, ಅದು ಖರೇ. ಆದ್ರ ನಾ ಸುಮ್ಮನಾದ ಮ್ಯಾಲೆ ಈ ಹುಡುಗ ಮಾಳಗಿ ಮ್ಯಾಲೆ ನಿಂತು ನನ್ನಂಗ ಸೀನತಾನ. ಅದನ್ನ ಕೇಳಿ ನಮ್ಮನಿಯಾಕಿ ನನಗ ಕಷಾಯ ಕುಡಸ್ತಾಳ. ಕುಡಿದು ಕುಡಿದು ನಾಲಗಿ ಸತ್ತೈತ್ರಿ. ಹುಡುಗನ ಮ್ಯಾಲೆ ತಕರಾರು ತಗೊಳ್ಳೋ ಕಚೇರಿ ಇಲ್ಲ, ಅದಕ್ಕ ಗಿರಣಿ ಮ್ಯಾಲೆ ಕೊಟ್ಟೆ."

ಅವ್ವ ನನ್ನತ್ತ ತಿರುಗಿಯೂ ನೋಡಲಿಲ್ಲ. "ಹಂಗಾರ ಗಿರಣಿ ಇಲ್ಲೇ ಇರಲ್ರಿ. ಈ ಮಗನ್ನ ಎಲ್ಲಿ ಇಡೋದು ಹೇಳ್ರಿ."

ಸಾಹೇಬರು ಗಂಭೀರವಾಗಿ ನಕ್ಷೆ ಬಿಚ್ಚಿ ನೇರಳೆ ಬಣ್ಣದ ಮೇಲೆ ಬೆರಳಿಟ್ಟರು. "ಇಲ್ಲಿ ಎಷ್ಟು ಗದ್ದಲ ಮಾಡಿದ್ರೂ ನಡೀತೈತಿ." ಕಾಕಾ ಅಲ್ಲೇ ಒಪ್ಪಿಗೆ ಕೊಟ್ಟರು.

ಈಗ ದಿನಾ ಸಂಜೆ ಸೈಕಲ್ ಹತ್ತಿ ಊರ ಹೊರಗಿನ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತೇನೆ. ಗೋದಾಮಿನ ಗೋಡೆಯ ಮುಂದೆ ನಿಂತು ಸಾಹೇಬರ ಸೀನನ್ನು ಅಭ್ಯಾಸ ಮಾಡುತ್ತಿದ್ದೇನೆ. ಮೊನ್ನೆ ಅಲ್ಲಿಯ ಕಾವಲುಗಾರ ಕನಿಕರದಿಂದ, "ನೆಗಡಿ ಜೋರಾಗೇತೇನೋ ತಮ್ಮಾ? ಮನಿಗೆ ಹೋಗಿ ಮಕ್ಕೊ," ಎಂದ. ಮನೆಯಲ್ಲಿರಬೇಕಾದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಅಷ್ಟು ದೊಡ್ಡ ಕಾಯಿಲೆ ನನಗಿನ್ನೂ ಬಂದಿಲ್ಲ.