ಫ್ಯಾನ್ ಬೇಡದ ಮನೆ

ಪರಮೇಶನಿಗೆ ಹೊಸ ಮನೆ ಬೇಕಾಗಿದ್ದುದು ಒಂದೇ ಕಾರಣಕ್ಕೆ: ಹಗಲು ನಿದ್ದೆ. ರಾತ್ರಿ ಬಸ್ಸಿನ ಡ್ರೈವರು ಹಗಲು ಮಲಗದಿದ್ದರೆ ಆಮೇಲೆ ಬಸ್ಸನ್ನೇ ಮಲಗಿಸಿಬಿಡುತ್ತಾನೆ. ಹಿರಿಯೂರಿನ ಏಪ್ರಿಲ್ ಬಿಸಿಲಿಗೆ ಅವನ ಬಾಡಿಗೆಯ ತಗಡಿನ ಮನೆಯೋ, ಕಾದ ರೊಟ್ಟಿ ಹಂಚು. ಅದಕ್ಕೇ ಅದೇ ಬೀದಿಯಲ್ಲಿ ಟೊಳ್ಳು ಇಟ್ಟಿಗೆಯ ಜೋಡಿ ಗೋಡೆ, ಸುಣ್ಣ ಬಳಿದ ಬಿಳಿ ತಾರಸಿ, ಗಾಳಿಯ ದಿಕ್ಕು ನೋಡಿ ಇಟ್ಟ ಕಿಟಕಿಗಳು ಇದ್ದ ಮನೆ ಕೊಂಡ. ಫ್ಯಾನೇ ಬೇಡ, ಕರೆಂಟಿನ ಗೊಡವೆಯೇ ಇಲ್ಲ.

ಗೃಹಪ್ರವೇಶದ ಮಾರನೆಯ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದು ಇನ್ನೇನು ದಿಂಬಿಗೆ ತಲೆ ಇಡಬೇಕು, ಎದುರುಮನೆ ಈರಕ್ಕ ಒಳಗೆ ಬಂದಳು.

"ಮನೆ ನೋಡ್ಕಂಡು ಹೋಗಾಣ ಅಂತ ಬಂದೆ ಕಣಪ್ಪ. ಅಯ್ಯೋ ಶಿವನೇ, ಎಷ್ಟು ತಣ್ಣಗೈತೆ! ಬಾವಿಗೆ ಇಳಿದಂಗಾತು."

"ಕುಂತ್ಕಳ್ರಿ ಅಕ್ಕ," ಎಂದ ಪರಮೇಶ. ಅನ್ನದೆ ಇರಲಾದೀತೇ? ಹೋದ ವರ್ಷ ಹೆಂಡತಿ ದಾಕ್ಷಾಯಿಣಿ ಕಾಲು ಮುರಿದುಕೊಂಡಾಗ ದಿನಾ ಮುದ್ದೆ ಸಾರು ಹೊತ್ತು ತಂದವಳು ಇದೇ ಈರಕ್ಕ. ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ದವನು ಮೂಲೆಮನೆ ಗೊಲ್ಲಪ್ಪ. ಆ ಋಣ ತೀರುವಂಥದ್ದಲ್ಲ.

ಈರಕ್ಕ ಹಾಸಿಗೆಯ ಮೇಲೆ ಕುಂತಳು, ಒರಗಿದಳು, ಗೊರಕೆ ಹೊಡೆದಳು. ಹಿಂದೆಯೇ ಗೊಲ್ಲಪ್ಪ ಮನೆ ನೋಡಲು ಬಂದ, ಅವನ ಹಿಂದೆ ಅವನ ಸಂಸಾರ, ಸಾಲದ್ದಕ್ಕೆ ಬೀಗರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಉರುಳಿಕೊಂಡು, ಕಾಲಿಡಲು ಜಾಗವಿರಲಿಲ್ಲ.

"ಲೇ, ಎಬ್ಬಿಸೇ ಇವರ್ನ!" ಎಂದು ಪರಮೇಶ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

"ಮಲಗಿದೋರ್ನ ಎಬ್ಬಿಸಿದ್ರೆ ಪಾಪ ಸುತ್ಕಂತೈತ್ರಿ. ಅದೂ ನಮಗೆ ಅನ್ನ ಹಾಕಿದೋರ್ನ!" ಎಂದವಳೇ ದಾಕ್ಷಾಯಿಣಿ ತಾನೂ ಅಡುಗೆಮನೆಯಲ್ಲಿ ಸೆರಗು ಹಾಸಿದಳು.

ಗೊಲ್ಲಪ್ಪನ ಗೊರಕೆಗೆ ಈರಕ್ಕನಿಗೆ ಎಚ್ಚರವಾಯಿತು. ನಿಂತೇ ತೂಕಡಿಸುತ್ತಿದ್ದ ಪರಮೇಶನನ್ನು ಕಂಡು ಅವಳ ಕರುಳು ಚುರ್ರೆಂದಿತು.

"ನಿಂಗೇ ಜಾಗ ಇಲ್ವೇನಪ್ಪ? ನಮ್ಮನೇಗೆ ಹೋಗಿ ಮಲಗು. ಬಾಗ್ಲು ತೆಗೆದೇ ಐತೆ."

ಅವಳದೂ ತಗಡಿನ ಮನೆಯೇ. ಆದರೆ ಫ್ಯಾನಿತ್ತು. ಅದು ಗಡಗಡ ತಿರುಗತೊಡಗಿದಾಗ ಪರಮೇಶ ಆ ಪುಣ್ಯಾತ್ಗಿತ್ತಿಯನ್ನು ಮನಸಾರೆ ನೆನೆದು ಕಣ್ಣು ಮುಚ್ಚಿದ.

ಮುಚ್ಚಿದ್ದಷ್ಟೇ, ಫ್ಯಾನು ನಿಂತಿತು. ಬೆವರು ಧಾರಾಕಾರ. ಕಣ್ಣು ಬಿಟ್ಟರೆ ಸ್ವಿಚ್ಚಿನ ಪಕ್ಕ ಈರಕ್ಕ ಕೈಮುಗಿದು ನಿಂತಿದ್ದಾಳೆ.

"ನಿಂಗೆ ಹೇಳಾಣ ಅಂತಾನೇ ಎದ್ದು ಬಂದೆ ಕಣಪ್ಪ. ಫ್ಯಾನಿಲ್ದೆ ನಿಮ್ಮನೇಲಿ ಎಂಥಾ ನಿದ್ದೆ ಬಂತು! ನಾವು ಇಷ್ಟು ದಿನ ಸುಮ್ನೆ ಕರೆಂಟು ಸುಟ್ವಿ. ಆಣೆ ಮಾಡೀನಿ, ಇನ್ಮೇಲೆ ಈ ಮನೇಲಿ ಫ್ಯಾನ್ ಹಾಕಾಕಿಲ್ಲ. ಎಲ್ಲಾ ನಿನ್ನ ನೋಡಿ ಕಲ್ತಿದ್ದು. ನಿನ್ನ ಹೊಟ್ಟೆ ತಣ್ಣಗಿರ್ಲಿ!"

ಹರಸಿದ ಈರಕ್ಕ, ಅರ್ಧಕ್ಕೆ ನಿಂತ ನಿದ್ದೆ ಪೂರೈಸಲು ಅವನ ಮನೆಗೆ ಹೊರಟಳು.