ಸಿದ್ದೀಕ್ ವಕೀಲನ ರಾಜಿ ಪಾಠ

ಆಟೋ ಹಿಂದೆ ತೆಗೆಯುವಾಗ ತ್ಯಾಂಪಣ್ಣನ ಬಸಳೆ ಚಪ್ಪರದ ಒಂದು ಕಂಬ ಮುರಿಯಿತು. ಅಷ್ಟೇ. ಅಷ್ಟಕ್ಕೇ ನರಿಮೊಗರಿನ ಆ ಮೂರು ಮನೆಗಳ ಬೆಳಗು ಹಾಳಾಯಿತು.

ಹಿಂದಿನ ಮನೆಯ ಕುಂಞಿ ಮೋನುವಿಗೆ ಮಂಡಿ ನೋವು. ಆಟೋ ಅಂಗಳಕ್ಕೇ ಬರಬೇಕು. ಬರುವ ದಾರಿಯ ಎಡಕ್ಕೆ ತ್ಯಾಂಪಣ್ಣನ ಬಸಳೆ, ಬಲಕ್ಕೆ ವಕೀಲ ಸಿದ್ದೀಕ್ ಕಾರು ನಿಲ್ಲಿಸುವ ಜಾಗ. ನಡುವೆ ಉಳಿದದ್ದು ಒಂದು ಆಟೋ ಉಸಿರು ಬಿಗಿಹಿಡಿದು ನುಗ್ಗುವಷ್ಟು. ಈ ಜಗಳವನ್ನು ಇಬ್ಬರೂ ವರ್ಷಗಳಿಂದ ಸಿದ್ದೀಕನ ಜಗಲಿಗೇ ತರುತ್ತಿದ್ದರು, ಅದೂ ಅವನ ಬೆಳಗ್ಗಿನ ಚಹಾಕ್ಕಿಂತ ಮುಂಚೆ.

ಆದರೆ ಇವತ್ತು ಸಿದ್ದೀಕನಿಗೆ ಪುರುಸೊತ್ತಿರಲಿಲ್ಲ. ವಕಾಲತ್ತಿನ ಜೊತೆಗೆ ಅವನು ಪೇಟೆಯ ಸರಕಾರಿ ಕಾನೂನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂದ ಮಾತ್ರಕ್ಕೆ ಅಲ್ಲಿ ಯಾರೂ ಕುರ್ಚಿ ಕೊಟ್ಟು ಕೂರಿಸುತ್ತಿರಲಿಲ್ಲ. ಇವತ್ತು ಪ್ರಿನ್ಸಿಪಾಲ್ ಈಶ್ವರಿ ಮೇಡಂ ಅವನ ತರಗತಿಯಲ್ಲೇ ಕೂತು ನೋಡುವವರಿದ್ದರು. ಪಾಠ ಹಿಡಿಸಿದರೆ ಮುಂದಿನ ಸೆಮಿಸ್ಟರಿಗೂ ಕೆಲಸ, ಇಲ್ಲವಾದರೆ ಕೋರ್ಟಿನ ವರಾಂಡವೇ ಗತಿ. ಇವತ್ತಿನ ಪಾಠವೋ, ರಾಜಿ ಸಂಧಾನ.

"ವಕೀಲ್ರೆ, ಇವತ್ತು ಇದು ತೀರ್ಮಾನ ಆಗ್ಲೇಬೇಕು," ಎಂದು ತ್ಯಾಂಪಣ್ಣ ಮುರಿದ ಕಂಬವನ್ನು ಸಿದ್ದೀಕನ ಮೂಗಿನ ಮುಂದೆ ಹಿಡಿದ.

"ಎಂತ ಮಾರಾಯ್ರೆ, ಬಸಳೆಗೋಸ್ಕರ ನನ್ನ ಹೊಟ್ಟೆ ಮೇಲೆ ಹೊಡೀತೀರಾ? ಇಬ್ರೂ ಕಾರು ಹತ್ತಿ. ಪೇಟೆ ಮುಟ್ಟುದ್ರೊಳಗೆ ಜಗಳ ಮುಗಿಸಿ, ಇಳೀರಿ."

ಪೇಟೆ ಮುಟ್ಟಿತು, ಜಗಳ ಮುಗಿಯಲಿಲ್ಲ. ಇಬ್ಬರೂ ಇಳಿದದ್ದು ಕಾಲೇಜಿನ ಅಂಗಳದಲ್ಲಿ. ಅಲ್ಲಿಂದ ವಾದಿಸುತ್ತಲೇ, ಕಂಬದ ಸಮೇತ, ಸಿದ್ದೀಕನ ಬೆನ್ನಿಗೆ ತರಗತಿಯೊಳಗೂ ಬಂದರು.

ಒಳಗೆ ಇನ್ನೊಂದು ಎಡವಟ್ಟು ಕಾದಿತ್ತು. ಪಾಠದ ಅಣಕು ಸಂಧಾನದಲ್ಲಿ ಕಕ್ಷಿದಾರರ ಪಾತ್ರ ಮಾಡಬೇಕಿದ್ದ ವಿದ್ಯಾರ್ಥಿಗಳಾದ ಜಾಸಿರ್ ಮತ್ತು ಶೈಲೇಶ್ ಬಂದಿರಲಿಲ್ಲ.

"ಕಡಬದ ಬಸ್ಸು ಆಲಂಕಾರಿನಲ್ಲಿ ಹಾಳಾಗಿ ನಿಂತಿದೆಯಂತೆ ಸರ್," ಎಂದಳು ಸಂಧಾನಕಾರ್ತಿಯಾಗಲು ಸಿದ್ಧಳಾಗಿ ಕೂತಿದ್ದ ಸುಪ್ರಿತಾ.

ಸಿದ್ದೀಕ್ ರಾಜಿಯ ಮಹಿಮೆಯನ್ನು ಗಂಟಲು ಹರಿಯುವಂತೆ ಹೊಗಳಿ ಅರ್ಧ ಗಂಟೆ ದಾಟಿಸಿದ. ಬಿಟ್ಟುಕೊಡುವವನೇ ದೊಡ್ಡವನು ಎಂದ, ತನಗೆ ತಿಳಿದ ಮಟ್ಟಿಗೆ ಯಾವತ್ತೂ ಏನನ್ನೂ ಬಿಟ್ಟುಕೊಟ್ಟಿರದಿದ್ದರೂ.

ಹಿಂದಿನ ಬೆಂಚಿನಿಂದ ಈಶ್ವರಿ ಮೇಡಂ ಕೇಳಿದರು. "ಇವರಿಬ್ರು ಯಾರು? ನಿಜವಾದ ಕಕ್ಷಿದಾರರನ್ನೇ ಕರ್ಕೊಂಡು ಬಂದಿದ್ದೀರಾ? ಭೇಷ್!"

"ಹೌದು ಮೇಡಂ," ಎಂದ ಸಿದ್ದೀಕ್. ಬೇರೇನು ಹೇಳುವುದು?

ಸುಪ್ರಿತಾ ಇಬ್ಬರನ್ನೂ ಎದುರುಬದುರು ಕೂರಿಸಿ ಬೋರ್ಡಿನಲ್ಲಿ ದಾರಿಯ ಚಿತ್ರ ಬರೆಸಿದಳು. "ಜಗಳ ಬಿಡಿ. ನಿಮ್ಗೆ ನಿಜಕ್ಕೂ ಎಂತ ಬೇಕು?"

"ಆಟೋ ಅಂಗಳಕ್ಕೆ ಬರ್ಬೇಕು ಮಗಳೇ," ಎಂದ ಕುಂಞಿ ಮೋನು. "ಇವರ ಬಸಳೆ ನಂಗೆಂತಕ್ಕೆ?"

"ನನ್ನ ಚಪ್ಪರ ಮುಟ್ಟದಿದ್ರೆ ಆಯ್ತು," ಎಂದ ತ್ಯಾಂಪಣ್ಣ. "ಆಟೋ ಬಿಡಿ, ಲಾರಿಯೇ ಬರ್ಲಿ."

"ಹಾಗಾದ್ರೆ ದಾರಿಯನ್ನು ಬಲಗಡೆಗೆ ಅಗಲ ಮಾಡ್ಬಹುದಲ್ಲ? ಅಲ್ಲಿ ಖಾಲಿ ಜಾಗ ಉಂಟಲ್ಲ?"

ಇಬ್ಬರೂ ಬಾಯಿ ತೆರೆದು ಬೋರ್ಡು ನೋಡಿದರು. ಇಷ್ಟು ವರ್ಷ ಅವರಿಗೆ ಹೊಳೆಯದ ಸಂಗತಿ ಅದು. ಹೊಳೆಯದಿರಲಿ ಎಂದು ಸಿದ್ದೀಕ್ ಇಷ್ಟು ವರ್ಷ ಜಾಗ್ರತೆ ವಹಿಸಿದ ಸಂಗತಿಯೂ ಹೌದು.

"ಬಲಗಡೆಯವರು ಒಪ್ಪುವ ಜನವಾ?" ಎಂದು ಮೇಡಂ ಕೇಳಿದರು.

"ಇವರೇ ಅಲ್ವಾ ಬಲಗಡೆಯವರು!" ಎಂದು ತ್ಯಾಂಪಣ್ಣ ಮುರಿದ ಕಂಬವನ್ನು ಸಿದ್ದೀಕನತ್ತ ಚಾಚಿದ.

ಇಡೀ ತರಗತಿ ತಿರುಗಿ ಅವನನ್ನೇ ನೋಡಿತು. ಸಿದ್ದೀಕನಿಗೆ ಆ ಕಂಬವನ್ನು ಕಸಿದುಕೊಂಡು ಇಬ್ಬರ ಬೆನ್ನಿಗೂ ಒಂದೊಂದು ಬಾರಿಸಬೇಕೆನಿಸಿತು. ಆದರೆ ಮೇಡಂ ಕೂತಿದ್ದಾರೆ, ಮುಂದಿನ ಸೆಮಿಸ್ಟರ್ ಕೂತಿದೆ.

"ಒಪ್ಪುತ್ತಾರೆ ಮೇಡಂ," ಎಂದ, ಬೇರೆ ಯಾರದೋ ಜಾಗದ ಮಾತು ಎಂಬಂತೆ.

ಚಪ್ಪಾಳೆಯೋ ಚಪ್ಪಾಳೆ. ಹೋದರೆ ಒಂದು ತುಂಡು ಜಾಗ ಹೋಯಿತು, ಕೆಲಸವಾದರೂ ಉಳಿಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತ ಅವನು ಮೇಡಂ ಕರೆದಲ್ಲಿಗೆ, ಅವರ ಕೋಣೆಗೆ ಹೋದ.

"ಸಿದ್ದೀಕ್ ಸರ್, ಸೆಮಿಸ್ಟರ್ ಪೂರ್ತಿ ಕಲಿಸ್ಬೇಕಾದ್ದನ್ನು ಒಂದೇ ಗಂಟೆಯಲ್ಲಿ ಕಲಿಸಿಬಿಟ್ರಿ! ಆ ಹುಡುಗಿ ಇನ್ನು ಜೂನಿಯರ್‌ಗಳಿಗೂ ಹೇಳಿಕೊಡ್ತಾಳೆ. ಈ ವಿಷಯಕ್ಕೆ ಇನ್ನೂ ಅತಿಥಿ ಉಪನ್ಯಾಸಕರು ಬೇಕು ಅಂತ ಮೇಲಿನವರ ಹತ್ರ ನಾನು ಯಾವ ಬಾಯಲ್ಲಿ ಹೇಳುದು?"

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಇಬ್ಬರೂ ಹೊಸ ಬೀಗರ ಹಾಗೆ ಹರಟುತ್ತಿದ್ದರು. ಸಿದ್ದೀಕ್ ಮನೆ ಮುಟ್ಟಿ, ಎಂದಿನ ಜಾಗಕ್ಕೆ ಕಾರು ತಿರುಗಿಸಿದ. ಕುಂಞಿ ಮೋನು ಮೆಲ್ಲನೆ ಅವನ ಹೆಗಲು ತಟ್ಟಿದ.

"ಇಲ್ಲಿ ನಿಲ್ಸುದು ಬೇಡ ವಕೀಲ್ರೆ. ದಾರಿಗೆ ಅಡ್ಡ ಆಗ್ತದೆ."

"ಮತ್ತೆ ನಾನು ಕಾರು ಎಲ್ಲಿ ನಿಲ್ಲಿಸುದು?" ಸಿದ್ದೀಕ್ ಕಿರುಚಿದ.

"ಅದಕ್ಕೆ ಯಾಕೆ ತಲೆಬಿಸಿ?" ಎಂದ ತ್ಯಾಂಪಣ್ಣ. "ನಾಳೆ ಮೂರೂ ಜನ ಕಾಲೇಜಿಗೆ ಹೋಗುವ. ಆ ಹುಡುಗಿ ಹತ್ರ ಕೇಳುವ."