ಮಾವನ ಹೊಟ್ಟೆಯೂ ನನ್ನ ಮೊದಲ ಆದ್ಯತೆಯೂ

ಇನ್ನು ನಮ್ಮ ಅಡುಗೆಮನೆಯಲ್ಲಿ ಕ್ರಿಮಿಗಳಿಗೆ ಉಳಿಗಾಲವಿಲ್ಲ ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿ ಘೋಷಿಸಿಬಿಟ್ಟೆ!

ಕಾರಣವಿತ್ತು. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡ ಮಾವ ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಬರುವವರಿದ್ದರು. ಹಳಸಿದ್ದು ಒಂದು ತುತ್ತೂ ಒಳಗೆ ಹೋಗಕೂಡದೆಂದು ಡಾಕ್ಟರು ಎಚ್ಚರಿಸಿದ್ದರು. ನಾನೋ, ಆಹಾರ ತಪಾಸಣೆಯ ಅಧಿಕಾರಿ! ಹೋಟೆಲುಗಳವರ ಬೆನ್ನು ಹತ್ತುವುದೇ ನನ್ನ ಉದ್ಯೋಗ. ಅದೂ ಕೈ ತೊಳೆದುಕೊಂಡು. ಅವರು ತೊಳೆದುಕೊಳ್ಳುವುದಿಲ್ಲವಲ್ಲ!

"ಎಲ್ಲಾ ಒಟ್ಟಿಗೆ ಮಾಡೋಕಾಗಲ್ಲ ಕಣೆ. ಯಾವುದರಿಂದ ಅಪಾಯ ಹೆಚ್ಚೋ ಅದಕ್ಕೆ ಮೊದಲ ಆದ್ಯತೆ. ನಮ್ಮನೇಲಿ ಅದು ಫ್ರಿಜ್ಜು!" ಎಂದೆ.

"ಮೊದಲು ನೀವು ಕೈ ಒರೆಸೋ ಆ ಟವೆಲ್ ಒಗೀರಿ. ಅದರ ಬಣ್ಣ ಯಾವುದು ಅಂತ ನಂಗೆ ಮರ್ತೇ ಹೋಗಿದೆ."

"ಅದು ಆಮೇಲೆ!"

ಫ್ರಿಜ್ಜಿನ ಪ್ಲಗ್ ಕಿತ್ತೆ. ಬಿಸಿನೀರು, ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷುಗಳೊಂದಿಗೆ ದಂಡೆತ್ತಿ ಹೋದೆ. ಮೂಲೆಮೂಲೆಯನ್ನೂ ತಿಕ್ಕಿದೆ. ಬೇಯಿಸಿದ್ದು ಮೇಲೆ, ಹಸಿಯದು ಕೆಳಗೆ ಎಂದು ಶಾಸ್ತ್ರೋಕ್ತವಾಗಿ ಜೋಡಿಸಿ ಬಾಗಿಲು ಮುಚ್ಚಿದೆ. ಆಹಾ, ಎಂಥ ಮೌನ! ಗೊರ್ ಎನ್ನುತ್ತಿದ್ದ ಫ್ರಿಜ್ಜು ಆರೋಗ್ಯವಂತನ ಹೊಟ್ಟೆಯಂತೆ ತಣ್ಣಗೆ ಕೂತಿತ್ತು.

ಸಂಜೆ ಮಾವ ಬಂದರು. ನೀರಿನ ಬಾಟಲಿಗಾಗಿ ಬಾಗಿಲು ತೆರೆದವರು, "ಒಳಗೆ ದೀಪ ಹತ್ತುತ್ತಿಲ್ಲವಲ್ಲ ಅಳಿಯಂದಿರೇ?" ಎಂದರು.

"ಬಲ್ಬ್ ಹೋಗಿರಬೇಕು ಮಾವ. ಅದು ಕೊನೇ ಆದ್ಯತೆ!"

ಮರುದಿನ ಮಧ್ಯಾಹ್ನ ಹೆಂಡತಿ ತಂದೆಗೆ ಬಿಸಿಬಿಸಿ ಗಂಜಿ ಬಡಿಸಿದಳು. ನಾನು ಫ್ರಿಜ್ಜಿನಿಂದ ಹಿಂದಿನ ದಿನದ ಕೋಳಿಸಾರು ತೆಗೆದೆ.

ಅವಳು ಮೂಗು ಮುಚ್ಚಿಕೊಂಡಳು. "ರೀ, ವಾಸನೆ ಬರ್ತಿದೆ. ಚೆಲ್ಲಿ!"

"ನಾನು ತೊಳೆದ ಫ್ರಿಜ್ಜಿನಲ್ಲಿಟ್ಟದ್ದು ಕೆಡೋದುಂಟೇ? ಅದು ಮಸಾಲೆ ಘಮ!" ಎಂದು ಕುದಿಸಿ, ಬಟ್ಟಲು ಖಾಲಿ ಮಾಡಿ, ಜಂಬಕ್ಕೆ ಇನ್ನೊಂದು ಸಲವೂ ಹಾಕಿಸಿಕೊಂಡೆ.

ಸಂಜೆಯ ಹೊತ್ತಿಗೆ ಹೊಟ್ಟೆಯೊಳಗೆ ಯುದ್ಧಭೇರಿ! ನನಗೂ ಬಚ್ಚಲಿಗೂ ಬಿಡಿಸಲಾಗದ ನಂಟು ಬೆಳೆಯಿತು. ಹಾಗೊಮ್ಮೆ ಗೋಡೆ ಹಿಡಿದು ಹೊರಬರುವಾಗ ಅಡುಗೆಮನೆಯ ನೆಲದಲ್ಲಿ ಕಾಲು ಜಾರಿತು. ಫ್ರಿಜ್ಜಿನ ಐಸೆಲ್ಲ ಕರಗಿ ಹರಿಯುತ್ತಿತ್ತು. ಮಾವ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಇನ್ನೊಂದರಲ್ಲಿ ಕರಿಯ ವೈರು ಎತ್ತಿ ಹಿಡಿದಿದ್ದರು.

"ಅಳಿಯಂದಿರೇ, ಈ ಬಾಲ ಯಾವುದರದ್ದು?"

ನಾನು ಅಲ್ಲೇ ನೀರಿನಲ್ಲಿ ಕುಸಿದು ಕೂತೆ. ನಗಬೇಕಿದ್ದ ಮಾವ ನಗಲಿಲ್ಲ. ನನ್ನನ್ನು ತಮ್ಮ ಹಾಸಿಗೆಯಲ್ಲೇ ಮಲಗಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಚಮಚ ಚಮಚವಾಗಿ ಕುಡಿಸಿದರು. "ನಾಚ್ಕೋಬೇಡಿ. ನನಗೋಸ್ಕರ ತಾನೇ ಇಷ್ಟೆಲ್ಲ ಮಾಡಿದ್ದು?" ಎಂದರು. ನನ್ನ ಕಣ್ಣಲ್ಲೂ ನೀರು ಬಂತು. ದೇಹದಲ್ಲಿ ಅಷ್ಟಾದರೂ ಉಳಿದಿತ್ತಲ್ಲ ಎಂದು ಸಮಾಧಾನವಾಯಿತು! ಹೆಂಡತಿ ಬೈಯದೆ ನೆಲ ಒರೆಸಿದಳು. ಅದೇ ಭಯ ಹುಟ್ಟಿಸಿತು.

ಬೆಳಿಗ್ಗೆ ಕಚೇರಿಯಿಂದ ಸಾಹೇಬರ ಫೋನು. ನಾನು ಮಲಗಿದಲ್ಲಿಂದಲೇ ಹೆಂಡತಿಗೆ ಸನ್ನೆ ಮಾಡಿದೆ. ಅವಳೇ ತೆಗೆದುಕೊಂಡಳು.

"ಅವರು ಇವತ್ತು ಬರೋಕಾಗಲ್ಲ ಸರ್. ಕೆಟ್ಟ ಸಾರು ತಿಂದು ಹೊಟ್ಟೆ ಕೆಟ್ಟಿದೆ."

ಸಾಹೇಬರ ಗುಡುಗು ಮಂಚದವರೆಗೂ ಕೇಳಿಸಿತು. "ನಮ್ಮ ಅಧಿಕಾರಿಗೇ ಕೆಟ್ಟದ್ದು ಬಡಿಸಿದ್ದಾರಾ? ಯಾವನಮ್ಮಾ ಅವನು? ಅಡ್ರೆಸ್ ಹೇಳಿ, ಈಗಲೇ ಹೋಗಿ ಬೀಗ ಜಡೀತೀವಿ!"

ಹೆಂಡತಿ ನನ್ನ ಮುಖ ನೋಡಿದಳು. ನಾನು ಎರಡೂ ಕೈ ಮುಗಿದೆ.

"ಬರ್ಕೊಳ್ಳಿ ಸರ್," ಎಂದು ನಮ್ಮ ಮನೆಯ ನಂಬರಿನಿಂದ ಶುರುಮಾಡಿದಳು.